ಹೊತ್ತು ಮೊದಲು

ಶಾಂತಿ ಬರೆಯುತ್ತಿದ್ದ ಸಾವಿನ ಸುದ್ದಿಯನ್ನು ಓದಿ ಮುಗಿಸಲು ಆರು ಸೆಕೆಂಡ್ ಸಾಕು. ಅದು ಅವಳ ಹೆಚ್ಚುಗಾರಿಕೆ. ಅವಳ ಕೆಲಸಕ್ಕೆ ಕುತ್ತು ತಂದದ್ದೂ ಅದೇ. ಇದನ್ನು ಹೇಳಲು ಕೂತಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉರಿಯಲಿ, ಹೇಳಿಯೇ ಹೇಳುತ್ತೇನೆ.

ನಾನು ಪರಮೇಶ್. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರಿಗೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ‘ನಾಲ್ಕು ತಾಲ್ಲೂಕು’ ಎಂಬ ವೆಬ್‌ಸೈಟಿನ ಆಫೀಸಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಸುದ್ದಿ ಅದರಲ್ಲಿ ಬರುತ್ತದೆ. ಇವತ್ತು ಕರೆಂಟ್ ಯಾವ ಕಡೆ ಇರುವುದಿಲ್ಲ, ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪು ಎಷ್ಟಕ್ಕೆ ಹೋಯಿತು, ಯಾರು ಯಾವ ಪಕ್ಷ ಬಿಟ್ಟು ಯಾವ ಪಕ್ಷ ಸೇರಿದರು, ಇಂಥವು. ಪುಟ ಕಟ್ಟುವವನು ನಾನು. ಮೊದಲು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಪಕ್ಕದ ಮೇಜು ಏಳು ವರ್ಷ ಶಾಂತಿಯದಾಗಿತ್ತು.

ಅವಳಿಗೆ ನಲವತ್ತೆರಡು. ಅರಕಲಗೂಡು ರಸ್ತೆಯ ಕಾಳೇನಹಳ್ಳಿಯವಳು. ಎಂಟೂ ಇಪ್ಪತ್ತರ ಬಸ್ಸಿಗೆ ಬಂದು, ಟಿಫನ್ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಕನ್ನಡಕ ಒರೆಸಿಕೊಂಡು ಕೂತರೆ ಫೋನು ಶುರುವಾಗುತ್ತಿತ್ತು. “ಅಕ್ಕಾ, ನಮ್ಮಪ್ಪ ಓಗ್ಬುಟ್ರು ಕಣಕ್ಕ” ಎಂದು ಆ ಕಡೆಯವರು ಅಳುವರು. ಇವಳು “ಅಯ್ಯೋ” ಎನ್ನುವಳು, ಅದು ಬಾಯಿಮಾತಿನ ಅಯ್ಯೋ ಅಲ್ಲ. ಒಂದು ಗಳಿಗೆ ಬಿಟ್ಟು “ಮಣ್ಣು ಎಷ್ಟೊತ್ತಿಗೆ?” ಎಂದು ಕೇಳುವಳು. ಆಮೇಲೆ ಊರು, ಆಮೇಲೆ ಹೆಸರು. ಫೋನಿಟ್ಟ ಮೇಲೆ ಅದೇ ಊರಿನ ಇನ್ನೊಬ್ಬರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳುವಳು. ಅವಳು ಬರುವುದಕ್ಕೆ ಮುಂಚೆ, ಎದ್ದು ಓಡಾಡುತ್ತಿದ್ದ ಮನುಷ್ಯನನ್ನು ಸಾಯಿಸಿದ ಕೀರ್ತಿ ನಮ್ಮ ಸೈಟಿಗೆ ಒಂದು ಸಲ ಬಂದಿತ್ತು. ಅವಳ ಏಳು ವರ್ಷದಲ್ಲಿ ಒಂದೂ ತಪ್ಪಲಿಲ್ಲ.

ಅವಳು ಬರೆಯುವುದು ಹೀಗೆ: “ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಮಣ್ಣು. ಅರಕಲಗೂಡು ತಾಲ್ಲೂಕು, ಇಂಥ ಊರು. ಕೆರೆ ಏರಿ ಮನೆಯ ಇಂಥವರು ತೀರಿಕೊಂಡರು.” ಕೆಳಗೆ ಒಂದು ಫೋಟೋ. ಮುಗಿಯಿತು. ಅಗಲಿದ ಚೇತನ, ತುಂಬಲಾರದ ನಷ್ಟ, ಇವೆಲ್ಲ ಅವಳ ಹತ್ತಿರ ನಡೆಯುತ್ತಿರಲಿಲ್ಲ. ಸತ್ತವರ ಹೆಸರಿಗಿಂತ ಮೊದಲು ಗಂಟೆ ಹಾಕುವುದು ನೋಡುವುದಕ್ಕೆ ಒಂಥರಾ ಕಾಣುತ್ತದೆ, ತಿರುವಿ ಹಾಕು ಎಂದು ಶುರುವಿನಲ್ಲಿ ನಾನೇ ಜಗಳ ತೆಗೆದಿದ್ದೆ. ಆಗ ಅವಳು ತನ್ನ ಅಪ್ಪನ ವಿಷಯ ಹೇಳಿದಳು.

ಅವಳಪ್ಪ ತಮ್ಮಯ್ಯ ಹರೆಯದಲ್ಲಿ ಊರೂರಿಗೆ ಸಾವಿನ ಸುದ್ದಿ ಹೊತ್ತವರು. ಬಯಸಿ ಹೊತ್ತದ್ದಲ್ಲ. ಗೌಡರ ಮನೆಯಲ್ಲಿ ಯಾರಾದರೂ ಸತ್ತರೆ ಅವರ ನೆಂಟರ ಊರುಗಳಿಗೆ ನಡೆದು ಹೋಗಿ ಹೇಳಿ ಬರುವುದು ಇವರ ಕೇರಿಯ ಮೇಲೆ ಹೇರಿದ್ದ ಕೆಲಸ. ಮಳೆಯಿರಲಿ, ಜ್ವರವಿರಲಿ, ಹೋಗಬೇಕು. ಅಂಗಳದ ಆಚೆ ನಿಂತು ಕೂಗಬೇಕು, ಒಳಗೆ ಕಾಲಿಡುವಂತಿಲ್ಲ. ಕೂಲಿಯೆಂದು ಒಂದಿಷ್ಟು ರಾಗಿ ಹೊರಗೇ ಕೊಡುತ್ತಿದ್ದರು. “ನಮ್ಮಪ್ಪ ಹೇಳ್ಕೊಟ್ಟಿದ್ದು ಪರಮೇಶಣ್ಣ” ಎಂದಳು ಶಾಂತಿ, “ಹೆಸ್ರು ಮೊದ್ಲು ಹೇಳ್ಬುಟ್ರೆ ಆಮೇಲೆ ಬರೀ ಅಳು. ಮಿಕ್ಕಿದ್ದು ಯಾರ ಕಿವಿಗೂ ಬೀಳಲ್ಲ. ಅದಕ್ಕೆ ಹೊತ್ತು ಮೊದ್ಲು, ಊರು ಆಮೇಲೆ, ಹೆಸ್ರು ಕೊನೇಗೆ.”

ನಾನು ಜಗಳ ಬಿಟ್ಟೆ. ನಾನು ಗೌಡರ ಕಡೆಯವನು. ನಮ್ಮ ತಾತ ಸತ್ತಾಗಲೂ ಯಾರೋ ಒಬ್ಬರು ಹಾಗೆ ಹತ್ತೂರು ನಡೆದಿರಬೇಕು. ಅವರ ಹೆಸರು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಸಾವಿನ ಪುಟದ ಜೊತೆಗೆ ಶಾಂತಿಗೆ ಇನ್ನೊಂದು ಕೆಲಸವಿತ್ತು. ಸೈಟಿಗೆ ನಿನ್ನೆ ಎಷ್ಟು ಜನ ಬಂದರು, ಯಾವ ಪುಟ ತೆರೆದರು, ಯಾವ ಊರಿಂದ ಬಂದರು ಎಂದು ತೋರಿಸುವ ಒಂದು ಸಾಧನವಿರುತ್ತದೆ. ಅನಲಿಟಿಕ್ಸ್ ಎನ್ನುತ್ತಾರೆ. ನಾವು ‘ಎಣಿಕೆ’ ಎನ್ನುತ್ತಿದ್ದೆವು. ಬೆಳಿಗ್ಗೆ ಅದನ್ನು ನೋಡಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹಾಸನದಲ್ಲಿರುವ ಮಾಲೀಕ ಅರುಣ್‌ಕುಮಾರರಿಗೆ ಕಳಿಸಬೇಕು. ಹಳೆಯ ಎಣಿಕೆ ಸೀದಾಸಾದಾ ಇತ್ತು. ಎಡಗಡೆ ಮೂರನೆಯ ಸಾಲು ಒತ್ತಿದರೆ ಪುಟಗಳ ಪಟ್ಟಿ, ಪಕ್ಕದಲ್ಲಿ ಅಂಕಿ. ಸಾವಿನ ಪುಟಕ್ಕೆ ದಿನಾ ನಾನೂರರ ಮೇಲೆ ಬರುತ್ತಿತ್ತು. ನಾಲ್ಕು ತಾಲ್ಲೂಕಿನಲ್ಲಿ ಎದ್ದ ತಕ್ಷಣ ನಾನೂರು ಜನ ಯಾರು ಹೋದರೆಂದು ಒಮ್ಮೆ ಕಣ್ಣಾಡಿಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಅದನ್ನು ತೆರೆದರೆ “ಹೊಸ ಅನುಭವಕ್ಕೆ ಸ್ವಾಗತ” ಎಂದು ಬಲೂನು ಹಾರಿದವು. ಹಳೆಯದು ಇನ್ನು ಮುಂದೆ ಇಲ್ಲವಂತೆ. ಬೇಕೋ ಬೇಡವೋ ಎಂದು ಕೇಳಿದವರು ಯಾರೂ ಇಲ್ಲ.

ಥೂ, ಅದನ್ನು ಮಾಡಿದವರ ಮನೆ ಹಾಳಾಗ! ಎಡಗಡೆ ಸಾಲುಗಳೇ ಇಲ್ಲ, ಬರೀ ಚಿಹ್ನೆಗಳು. ಒಂದು ಬಾಣ, ಒಂದು ಗೋಲಿ, ಒಂದು ಪೆನ್ಸಿಲ್. ಯಾವುದರ ಮೇಲೆ ಒತ್ತಿದರೂ ಬಣ್ಣಬಣ್ಣದ ಉಬ್ಬುತಗ್ಗು ಬರುತ್ತದೆ, ಅಂಕಿ ಬರುವುದಿಲ್ಲ. ಅಂಕಿ ಬೇಕೆಂದರೆ ಗೆರೆಯ ಮೇಲೆ ಮೌಸನ್ನು ಉಸಿರು ಬಿಗಿಹಿಡಿದು ನಿಲ್ಲಿಸಬೇಕು, ಕೈ ಅಲುಗಿತೋ ಮಾಯ. “ನಿನ್ನೆ” ಎಂದು ಆರಿಸಿದರೆ ಆ ಪುಟದಲ್ಲಿ ಮಾತ್ರ ನಿನ್ನೆ, ಮುಂದಿನ ಪುಟಕ್ಕೆ ಹೋದರೆ ತಾನಾಗಿಯೇ ಇಪ್ಪತ್ತೆಂಟು ದಿನ. ಊರುಗಳಂತೂ ಗುಡಿಸಿಹಾಕಿದ ಹಾಗೆ ಹೋದವು. ಚನ್ನರಾಯಪಟ್ಟಣವಿಲ್ಲ, ಅರಕಲಗೂಡಿಲ್ಲ, ಎಲ್ಲರೂ ಬೆಂಗಳೂರಿನವರೇ. “ನಾವೂ ಬೆಂಗಳೂರೋರಾಗ್ಬುಟ್ವಿ ನೋಡಿ ಪರಮೇಶಣ್ಣ, ಬಸ್ ಚಾರ್ಜೇ ಇಲ್ದೆ” ಎಂದು ಮೊದಲ ದಿನ ಶಾಂತಿ ನಕ್ಕಳು. ಮೂರನೆಯ ದಿನದಿಂದ ನಗಲಿಲ್ಲ.

ಯಾಕೆಂದರೆ ಮೂರನೆಯ ದಿನ ಅರುಣ್‌ಕುಮಾರರ ಫೋನು ಬಂತು. ಬೂವನಹಳ್ಳಿಯ ಕಡೆ ಜಮೀನಿದ್ದ ದೊಡ್ಡ ಮನೆತನದವರು, ಈಗ ಹಾಸನದಲ್ಲಿ ನಾಲ್ಕಾರು ವ್ಯವಹಾರ. ಕೆಟ್ಟ ಮನುಷ್ಯರೇನಲ್ಲ. ಆಗಿದ್ದರೆ ಬೈಯುವುದಾದರೂ ಸಲೀಸಾಗುತ್ತಿತ್ತು. ಹೊಸ ಎಣಿಕೆ ಅವರ ಮೊಬೈಲಿಗೂ ಬಂದಿತ್ತು. ಅದರಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಚೀಟಿ, ಚೀಟಿಯ ಮೇಲೆ ಒಂದೇ ಅಂಕಿ. ಅವರಿಗೆ ಅದು ತುಂಬಾ ಹಿಡಿಸಿತ್ತು.

“ಶಾಂತಿ ಅವ್ರೇ, ನಿಮ್ ಪೇಜ್ನ ದಿನಾ ಆರು ಜನ ಓದ್ತಾರಂತಲ್ರೀ?” ಎಂದರು. ಸ್ಪೀಕರಿನಲ್ಲಿತ್ತು, ನನಗೂ ಕೇಳಿಸಿತು.

“ನಾನೂರು ಸಾರ್” ಎಂದಳು.

“ಅದು ಹಳೇದು. ಹಳೇದು ತಪ್ಪು ಲೆಕ್ಕ ಕೊಡ್ತಿತ್ತೇನೋ. ಹೊಸದ್ರಲ್ಲಿ ಆರು.”

ಆರು! ದಿನಕ್ಕೆ ಅಷ್ಟು ಜನ ಸತ್ತವರ ಮನೆಯವರೇ ಫೋನು ಮಾಡುತ್ತಾರೆ. ನನಗೆ ಬಂದ ಸಿಟ್ಟಿಗೆ ಫೋನು ಕಿತ್ತುಕೊಂಡು ಮಾತಾಡಬೇಕೆನಿಸಿತು. ಮಾತಾಡಲಿಲ್ಲ, ಬಿಡಿ. ಐವತ್ತೇಳನೆಯ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಹದಿನೈದು ದಿನ ಅವಳು ಆ ನಾನೂರನ್ನು ಹುಡುಕಿದಳು. ಫೋನುಗಳ ನಡುವೆ, ಊಟ ಮಾಡುತ್ತಾ, ಎಡಗೈಯಲ್ಲಿ ಮೌಸ್ ಹಿಡಿದು. ಸಹಾಯ ಎಂಬಲ್ಲಿ ಒತ್ತಿದರೆ ಹಳೆಯ ಎಣಿಕೆಯ ಚಿತ್ರ ತೋರಿಸಿ “ಮೂರನೆಯ ಸಾಲನ್ನು ಒತ್ತಿ” ಎನ್ನುತ್ತದೆ. ಇಲ್ಲದ ಸಾಲನ್ನು ಒತ್ತುವುದು ಹೇಗೆ? ಕೊನೆಗೆ “ನಿಮ್ಮ ಅಭಿಪ್ರಾಯ ಹಂಚಿಕೊಳ್ಳಿ” ಎಂಬ ಡಬ್ಬಿಯಲ್ಲಿ ಅವಳು ಕನ್ನಡದಲ್ಲೇ ಒಂದು ಪುಟ ಬರೆದಳು. ನಗುವ ಮುಖದ ಒಂದು ಗೊಂಬೆ ಬಂದು ಥ್ಯಾಂಕ್ಸ್ ಹೇಳಿ ಹೋಯಿತು.

ಆದರೂ ಶಾಂತಿ ಬಿಡಲಿಲ್ಲ, ಕಂಡುಹಿಡಿದಳು. ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆಯ ಹಿಂದೆ, ನಾಲ್ಕನೆಯ ಪ್ಯಾರಾದಲ್ಲಿ ವಿಷಯ ಅವಿತಿತ್ತು. “ಇಲ್ನೋಡಿ ಪರಮೇಶಣ್ಣ” ಎಂದು ಕರೆದಳು. “ಪುಟ ತೆಗೆದೋರೆಲ್ಲ ಓದುಗರಲ್ಲವಂತೆ. ಹತ್ತು ಸೆಕೆಂಡ್ ನಿಂತೋರು ಮಾತ್ರ ಓದುಗರಂತೆ. ಅದಕ್ಕಿಂತ ಮುಂಚೆ ಹೋದೋರು ಲೆಕ್ಕಕ್ಕಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಇವಳ ಸುದ್ದಿಗೆ ಆರು ಸೆಕೆಂಡ್ ಸಾಕು. ಗಂಟೆ ನೋಡಿದರು, ಊರು ನೋಡಿದರು, ಹೆಸರು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹೊರಟವರನ್ನು ಈ ಯಂತ್ರ ಓದುಗರೆಂದೇ ಒಪ್ಪುವುದಿಲ್ಲ. ತಲೆಬುಡವಿಲ್ಲದ ಸಿನಿಮಾ ಗಾಸಿಪ್ಪಿನ ಮುಂದೆ ಆಕಳಿಸುತ್ತಾ ಕೂತವನು ಮಾತ್ರ ಓದುಗ. ಏನು ಕರ್ಮ ರೀ ಇದು!

ಪೆನ್ಸಿಲ್ ಚಿಹ್ನೆ ಒತ್ತಿ, ಹನ್ನೊಂದು ಆಯ್ಕೆಗಳಲ್ಲಿ ಒಂಬತ್ತನೆಯದನ್ನು ಆರಿಸಿದರೆ ನಿಜವಾದ ಎಣಿಕೆಯೂ ಸಿಗುತ್ತಿತ್ತು. ನಾನೂರ ಮೂವತ್ತೊಂದು. ಉಳಿಸಲು ಹೋದರೆ “ನಿಮಗೆ ಅನುಮತಿಯಿಲ್ಲ” ಎಂದಿತು. ಅನುಮತಿ ಕೊಡಬೇಕಾದವರು ಅರುಣ್‌ಕುಮಾರ್. ಎಲ್ಲಿ ಒತ್ತಿ ಕೊಡಬೇಕೆಂದು ಅವರಿಗೆ ಗೊತ್ತಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮೊದಲಿಂದ ಅದೇ ದೊಂಬರಾಟ. ಆ ಪರದೆಯ ಫೋಟೋ ತೆಗೆದು ಅವರಿಗೆ ಕಳಿಸಿದಳು.

ಮಾರನೆಯ ದಿನ ಅವರು ಕಾರು ಹತ್ತಿ ತಾವೇ ಬಂದರು. ಬೇಕರಿಯಿಂದ ನಮಗೆಲ್ಲ ಬನ್ನು, ಟೀ ತರಿಸಿದರು. “ನಾನೂರು ಜನ ಓಪನ್ ಮಾಡ್ತಾರೆ, ಒಪ್ತೀನಿ. ಮಾಡಿ ಓಡೋಗ್ತಾರಲ್ಲ. ಜಾಹೀರಾತು ಕೊಡೋರು ಕೇಳೋದು ಎಷ್ಟೊತ್ತು ಇರ್ತಾರೆ ಅಂತ. ಅವ್ರಿಗೆ ನಾನೇನು ತೋರಿಸ್ಲಿ?”

“ಸಾವಿನ ಸುದ್ದಿ ಓದ್ಕೊಂಡು ಯಾರು ಕೂತ್ಕೋತಾರೆ ಸಾರ್? ಮಣ್ಣಿಗೆ ಹೊರಡ್ತಾರೆ” ಎಂದಳು ಶಾಂತಿ.

“ಕೂರಿಸ್ಬೇಕು. ಒಂದು ಐಡಿಯಾ ಹೇಳ್ತೀನಿ. ಫೋಟೋ ದೊಡ್ಡದಾಗಿ ಮೇಲೆ ಹಾಕಿ, ಹೆಸ್ರು ಹಾಕಿ, ಎರಡು ಸಾಲು ಅವ್ರ ಬಗ್ಗೆ ಬರೀರಿ. ಮಧ್ಯ ಜಾಹೀರಾತು. ಟೈಮ್ ಮಾತ್ರ ಕೊನೇಲಿ ಹಾಕಿ. ಟೈಮ್ ಬೇಕು ಅಂದ್ರೆ ಕೆಳಗಿನ್‌ಗಂಟ ಬರ್ಲೇಬೇಕಲ್ಲ?” ಎಂದು ನಕ್ಕರು. “ಒಂದು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಆ ಪೇಜ್ ತೆಗೆದುಬಿಡೋಣ. ನಿಮ್ಗೆ ಬೇರೇನಾದ್ರೂ ಕೊಡ್ತೀನಿ.”

ಬನ್ನು ಶಾಂತಿಯ ಮೇಜಿನ ಮೇಲೆ ಹಾಗೇ ಇತ್ತು. ಅವರು ಹೋದ ಮೇಲೆ “ಏನ್ಮಾಡ್ತೀಯವ್ವ?” ಎಂದು ಕೇಳಿದೆ.

“ಪುಟಾನೇ ತೆಗೆದ್ರೆ ನಾನೂರು ಜನಕ್ಕೂ ಗೊತ್ತಾಗಲ್ಲ. ಕೆಳಗೆ ಹಾಕಿದ್ರೆ ಹುಡುಕೋರಿಗಾದ್ರೂ ಸಿಗುತ್ತಲ್ಲ” ಎಂದಳು. ನನ್ನ ಮುಖ ನೋಡಲಿಲ್ಲ. “ಹಾಕಿ ಪರಮೇಶಣ್ಣ, ಕೆಳಗೆ.”

ಹಾಕಿದವನು ನಾನೇ. ಈ ಕೈಯಿಂದಲೇ ಅವಳ ಮೊದಲ ಸಾಲನ್ನು ಕಿತ್ತು, ನಿವೇಶನ ಮಾರಾಟದ ಜಾಹೀರಾತಿನ ಕೆಳಗೆ ಇಟ್ಟೆ. ಎಲ್ಲದಕ್ಕೂ ಯಂತ್ರವನ್ನು ಬೈಯುತ್ತಿದ್ದೇನೆಂದು ನೀವು ತಿಳಿಯಬಾರದು.

ಅಂಕಿ ಏರಿತು. ಆರು ಇದ್ದದ್ದು ಮೂವತ್ತು, ಎಂಬತ್ತು, ನೂರ ಐವತ್ತು. ಹಸಿರು ಬಾಣಗಳು ಮೇಲೆ ನೆಗೆದವು. ಹಾಸನದಿಂದ ದಿನಾ ಹೆಬ್ಬೆರಳಿನ ಚಿತ್ರ ಬರತೊಡಗಿತು. ಶಾಂತಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು, ಆದರೆ ಸಾಯಂಕಾಲ ಅಪ್ಪನ ಫೋನು ಬಂದರೆ ಈಚೆ ಕಾರಿಡಾರಿಗೆ ಹೋಗಿ ಮಾತಾಡುವುದನ್ನು ಕಲಿತಳು; ಹೊತ್ತು ಕೆಳಗೆ ಹೋದದ್ದನ್ನು ಅವರಿಗೆ ಹೇಳಿರಲಿಲ್ಲ.

ಇಪ್ಪತ್ತನೆಯ ದಿನವೋ ಇಪ್ಪತ್ತೊಂದನೆಯದೋ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ “ಸತ್ತೋರ್ ಸುದ್ದಿ ಆಕೋರು ಇಲ್ಲೇಯಾ?” ಎಂದರು.

ಶಾಂತಿ ಎದ್ದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅಜ್ಜಿಯ ಹೆಸರು ಸುಬ್ಬಮ್ಮ, ಚನ್ನರಾಯಪಟ್ಟಣದ ಆಚೆಯ ಹಳ್ಳಿಯವರು. ಹಿಂದಿನ ವಾರ ಅವರ ಒಬ್ಬನೇ ತಮ್ಮ ಲಕ್ಕಯ್ಯ ರಾಮನಾಥಪುರದ ಹತ್ತಿರ ತೀರಿಕೊಂಡಿದ್ದ. ಆ ಸುದ್ದಿ ಶಾಂತಿಯೇ ಬರೆದದ್ದು.

“ಸೊಸೆ ಪೋನ್ನಾಗೆ ಬಂತು ಕಣವ್ವ” ಎಂದರು ಸುಬ್ಬಮ್ಮ. “ತಗುದ್ರೆ ನನ್ ತಮ್ಮನ್ ಮಕ, ಇಷ್ಟ್ ದಪ್ಪ. ನೋಡ್ದೇಟ್ಗೇ ನಂಗೆ ಕಣ್ ಕತ್ಲೆ ಬಂದ್ಬುಡ್ತು. ಒತ್ತೆಲ್ಲೈತೆ, ಒತ್ತೆಲ್ಲೈತೆ ಅಂತ ಸೊಸೆ ಉಡುಕೇ ಉಡುಕ್ತು. ಅದ್ಯಾವುದೋ ಸೈಟ್ ಮಾರೋ ಚಿತ್ರ ಬಂದ್ ಬಂದ್ ಅಡ್ಡ ನಿಂತ್ಕಳದು. ಅವರ್ಮನೆಗೆ ಪೋನ್ ಮಾಡುದ್ರೆ ಎತ್ನಿಲ್ಲ. ಸಾವಿನ್ ಮನೇಲಿ ಯಾರ್ ಎತ್ತಾರು? ಸಂಜೀಕೆ ಇರ್ಬೇಕು ಅಂದ್ಕಂಡು ವೊಂಟ್ವಿ. ಮೂರು ಬಸ್ಸು. ಓಗೋವೊತ್ಗೆ ನಾಕ್ ಗಂಟೆ. ಒಂದ್ ಗಂಟ್ಗೇ ಮಣ್ ಮಾಡ್ಬುಟ್ಟಿದ್ರು. ಗುದ್ದದ್ ಮ್ಯಾಲೆ ಮುಳ್ಳು ಆಕಿದ್ರು.”

ಬೇಕರಿಯ ಒಲೆಯ ಸದ್ದು ಕೆಳಗಿಂದ ಕೇಳುತ್ತಿತ್ತು. ಈಗ ಬೈಯುತ್ತಾರೆ, ಬೈಯಲಿ ಎಂದು ನಾನು ತಲೆ ತಗ್ಗಿಸಿಕೊಂಡು ಕಾದೆ. ಅಜ್ಜಿ ಬೈಯುವುದಕ್ಕೆ ಬಂದಿರಲಿಲ್ಲ.

“ಮಕ ನೋಡ್ನಿಲ್ಲ ಕಣವ್ವ. ನಿಮ್ತಾವ ಅದೇ ಪೋಟ ಐತಲ್ಲ, ದೊಡ್ಡದು ಮಾಡಿ ಕೊಟ್ಟೀಯಾ? ದುಡ್ ಕೊಡ್ತೀನಿ.”

ನಾನು ಫೋಟೋವನ್ನು ಪ್ರಿಂಟ್ ಹಾಕಿದೆ. ಎರಡು ಹಾಕಿದೆ. ಶಾಂತಿ ಅದನ್ನು ಒಂದು ರಟ್ಟಿನ ನಡುವೆ ಇಟ್ಟು ಕೊಡುತ್ತಾ “ಹೊತ್ತನ್ನ ಕೆಳಗೆ ಹಾಕಿದ್ದು ನಾನೇ ಅಜ್ಜಿ. ಮೊದ್ಲು ಮೇಲೆ ಹಾಕ್ತಿದ್ದೆ” ಎಂದಳು.

“ಯಾಕವ್ವಾ ಕೆಳಗಾಕ್ದೆ?” ಎಂದರು ಅಜ್ಜಿ. ನಿಜವಾಗಿ ತಿಳಿಯದೆ ಕೇಳಿದ ಮಾತು ಅದು.

ಏನೆಂದು ಹೇಳುವುದು? ಹತ್ತು ಸೆಕೆಂಡ್ ಎಂದು ಹೇಳುವುದೇ? ಹಸಿರು ಬಾಣ ಎಂದು ಹೇಳುವುದೇ? ಅಜ್ಜಿ ರಟ್ಟನ್ನು ಚೀಲದಲ್ಲಿಟ್ಟುಕೊಂಡು, “ಬತ್ತೀನಿ ಕಣವ್ವ, ನಿಮ್ ಒಟ್ಟೆ ತಣ್ಣಗಿರ್ಲಿ” ಎಂದು ಮೆಟ್ಟಿಲು ಇಳಿದು ಹೋದರು.

ಶಾಂತಿ ಕುರ್ಚಿಗೆ ಬಂದು ಎಣಿಕೆ ತೆರೆದಳು. ಲಕ್ಕಯ್ಯನ ದಿನಕ್ಕೆ ಹೋದಳು. ಎಲ್ಲಿ ಒತ್ತಬೇಕೆಂದು ಅವಳಿಗೆ ಈಗ ಕಣ್ಣು ಮುಚ್ಚಿಯೂ ಗೊತ್ತಿತ್ತು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅವತ್ತು ಬೆಳಿಗ್ಗೆ ಆ ಒಂದು ಸುದ್ದಿಯ ಮುಂದೆ ಒಬ್ಬರು ಹನ್ನೊಂದು ನಿಮಿಷ ನಲವತ್ತು ಸೆಕೆಂಡ್ ಇದ್ದರು. ಊರು: ಬೆಂಗಳೂರು. ಪಕ್ಕದಲ್ಲಿ ಹಸಿರು ನಕ್ಷತ್ರ, “ಈ ವಾರದ ಅತಿ ಹೆಚ್ಚು ತೊಡಗಿಸಿಕೊಂಡ ಓದುಗ”. ಅದು ಆ ಅಜ್ಜಿಯ ಸೊಸೆಯಲ್ಲ, ಬೇರೆ ಯಾರಾದರೂ ಇರಬಹುದು ಎಂದು ಹೇಳಲು ಹೋದೆ, ನನಗೇ ನಾಚಿಕೆಯಾಯಿತು. ಅವತ್ತು ಹಾಸನದಿಂದ ಒಂದಲ್ಲ, ಮೂರು ಹೆಬ್ಬೆರಳು ಬಂದಿದ್ದವು. ಅದೂ ನೋಟ್‌ಬುಕ್ಕಿನಲ್ಲಿತ್ತು.

“ಹೊತ್ತನ್ನ ಮತ್ತೆ ಮೇಲಕ್ಕೆ ಹಾಕಿ ಪರಮೇಶಣ್ಣ” ಎಂದಳು.

“ಇನ್ನು ಹತ್ತು ದಿನ ತಡಿ ತಾಯಿ. ತಿಂಗಳು ಕಳೀಲಿ. ಈಗ ಅಂಕಿ ಇಳಿದ್ರೆ ಪುಟ ಹೋಯ್ತದೆ.”

“ಹೋಗ್ಲಿ.”

ನಾನು ಮೇಲಕ್ಕೆ ಹಾಕಿದೆ. ಮಾರನೆಯ ದಿನ ಅಂಕಿ ಹನ್ನೆರಡಕ್ಕಿಳಿಯಿತು, ಆಮೇಲೆ ಐದು. ತಿಂಗಳ ಕೊನೆಗೆ ಅರುಣ್‌ಕುಮಾರ್ ಬೇಸರದಿಂದಲೇ ಫೋನು ಮಾಡಿದರು. ಪುಟ ತೆಗೆಯಿರಿ, ಅದರ ಜಾಗದಲ್ಲಿ ದಿನಭವಿಷ್ಯ ಹಾಕೋಣ, ಅದಕ್ಕೆ ಜನ ಬಹಳ ಹೊತ್ತು ಇರುತ್ತಾರೆ, ಶಾಂತಿಯೇ ನೋಡಿಕೊಳ್ಳಲಿ ಎಂದರು. ಅವಳು ಟಿಫನ್ ಡಬ್ಬಿ ತೆಗೆದುಕೊಂಡು ಒಂದೂವರೆಯ ಬಸ್ಸಿಗೆ ಹೋದವಳು ಮತ್ತೆ ಬರಲಿಲ್ಲ. ಸುದ್ದಿಯ ಫೋನುಗಳು ಇನ್ನೂ ಎರಡು ವಾರ ಬರುತ್ತಲೇ ಇದ್ದವು. ಎತ್ತಿ, ಈಗ ಹಾಕುವುದಿಲ್ಲ ಎಂದು ಅಳುವವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ದಿನಭವಿಷ್ಯದ ಪುಟವನ್ನೂ ನಾನೇ ಕಟ್ಟುತ್ತೇನೆ. ಮೊನ್ನೆ ನನ್ನ ರಾಶಿಗೆ ಮನಶ್ಶಾಂತಿ ಎಂದಿತ್ತು, ಉಗಿದೆ.

ಅವಳ ನೋಟ್‌ಬುಕ್ಕು ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ಒಂದು ಭಾನುವಾರ ಅದನ್ನು ಕೊಡಲು ಕಾಳೇನಹಳ್ಳಿಗೆ ಹೋದೆ. ಏಳು ವರ್ಷದಲ್ಲಿ ಅವಳ ಮನೆಗೆ ಹೋದದ್ದು ಅದೇ ಮೊದಲು, ಅದನ್ನೂ ಹೇಳಿಬಿಡುತ್ತೇನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಜಗಲಿಯ ಮೇಲೆ ಕೋಲು ಹಿಡಿದು ಕೂತ ತಮ್ಮಯ್ಯ. ಎಂಬತ್ತರ ಹತ್ತಿರ. ಕಾಲುಗಳು ಮಾತ್ರ ಇನ್ನೂ ಗಟ್ಟಿಯಾಗಿ ಕಾಣುತ್ತಿದ್ದವು. ಶಾಂತಿ ನನ್ನನ್ನು ಒಳಗೆ ಕರೆದು ಕೂರಿಸಿ ಟೀ ಇಡಲು ಹೋದಳು. ಅರಕಲಗೂಡಿನಲ್ಲಿ ಒಂದು ಗೊಬ್ಬರದಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಸಿಕ್ಕಿದೆಯೆಂದಳು.

ತಮ್ಮಯ್ಯ ಬಾಗಿಲಿಗೆ ಬಂದು ನಿಂತರು. “ಯಾಕ್ ಸಾ ನಿಲ್ಲಿಸ್ಬುಟ್ರು ಅದ್ನ? ಮಗ್ಳು ಸರ್ಯಾಗಿ ಏಳಾಕಿಲ್ಲ. ತಪ್ ಬರದ್ಲಾ?”

“ತಪ್ಪೇನಿಲ್ಲ ತಮ್ಮಯ್ಯನವರೇ” ಎಂದೆ. ಅಷ್ಟು ಹಿರಿಯರು ನನಗೆ ‘ಸಾ’ ಎಂದದ್ದಕ್ಕೆ ಎದ್ದು ನಿಂತೆ. “ಸುದ್ದಿ ನೋಡಿದವರು ನಿಲ್ಲೋದಿಲ್ಲ, ತಕ್ಷಣ ಹೊರಟುಹೋಗ್ತಾರೆ. ನಿಂತವರನ್ನ ಮಾತ್ರ ಎಣಿಸೋದು ಈಗ.”

ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟರು. ಸಿಟ್ಟಿನಿಂದ ಹೇಳಲಿಲ್ಲ, ನನಗೆ ಗೊತ್ತಿಲ್ಲದ ಒಂದು ವಿಷಯವನ್ನು ತಿಳಿಸುವ ಹಾಗೆ ಹೇಳಿದರು.

“ಸಾವಿನ್ ಸುದ್ದಿ ಕೇಳ್ದೋರು ಯಾವತ್ತೂ ನಿಂತೋರಲ್ಲ ಸಾ, ಎದ್ಬಿದ್ ಓಡೋರು. ಅಂಗಳದಾಚೆ ನಿಂತಿರ್ತಿದ್ದೋನು ನಾನೊಬ್ನೇಯ, ಮೊರದಾಗೆ ರಾಗಿ ತಂದ್ ಸುರಿಯೋಗಂಟ.”